ಡೈರೆಕ್ಟರಿಯ ಹೆಸರು ಬದಲಾದಾಗ: ಹಂಚಿಕೆಯ ರಿಪಾಸಿಟರಿಗಳಲ್ಲಿ ಮರುನಾಮಕರಣ

ಸ್ವಂತ ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿನ ಹೆಸರು ಬದಲಿಸುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಮೇಲಿನ ಡೈರೆಕ್ಟರಿಯಲ್ಲಿರುವ ಒಂದು ನಮೂದನ್ನು ತಿದ್ದಿದರೆ ಮುಗಿಯಿತು. ಒಳಗೆ ಹತ್ತು ಫೈಲುಗಳಿರಲಿ, ಹತ್ತು ಸಾವಿರವಿರಲಿ, ಆಪರೇಟಿಂಗ್ ಸಿಸ್ಟಂ ಅವುಗಳನ್ನು ಮುಟ್ಟುವುದೂ ಇಲ್ಲ. ಅದೇ ಡೈರೆಕ್ಟರಿ ಹಲವರು ಸೇರಿ ಕೆಲಸ ಮಾಡುವ ರಿಪಾಸಿಟರಿಯಲ್ಲಿದ್ದರೆ ಕತೆ ಬೇರೆ. ಅಲ್ಲಿ ಪ್ರತಿ ಫೈಲಿಗೂ ವರ್ಷಗಟ್ಟಲೆ ಇತಿಹಾಸವಿದೆ, ಪ್ರತಿ ಡೆವಲಪರ್ ಬಳಿಯೂ ಒಂದೊಂದು ಪ್ರತಿ ಇದೆ, ಇನ್ನೂ ಮರ್ಜ್ ಆಗದ ಬ್ರಾಂಚುಗಳಲ್ಲಿ ಹಳೆಯ ಹೆಸರನ್ನೇ ನಂಬಿಕೊಂಡ ಕೆಲಸ ಬಾಕಿ ಇದೆ. ಹೆಸರು ಬದಲಿಸಿದವರ ಪಾಲಿಗೆ ಅದು ಒಂದು ಕಮಾಂಡ್. ಅದರ ಹೊರೆ ಬೀಳುವುದು ಬಹುಪಾಲು ಬೇರೆಯವರ ಮೇಲೆ.

ಅರ್ಧ ಶತಮಾನದಿಂದ ವರ್ಷನ್ ಕಂಟ್ರೋಲ್ ವ್ಯವಸ್ಥೆಗಳು ಈ ತೊಡಕನ್ನು ಬೇರೆಬೇರೆ ರೀತಿಯಲ್ಲಿ ಬಿಡಿಸಲು ಯತ್ನಿಸಿವೆ. ಎಲ್ಲದರ ಬುಡದಲ್ಲಿರುವ ಪ್ರಶ್ನೆ ಒಂದೇ: ನಿನ್ನೆಯ ಫೈಲೇ ಇಂದಿನ ಈ ಫೈಲು ಎಂದು ಹೇಳುವುದು ಯಾವ ಆಧಾರದ ಮೇಲೆ? ಅದು ಇರುವ ಪಾಥ್ ಆಧಾರದ ಮೇಲೆಯೋ, ಅದಕ್ಕೆ ಕೊಟ್ಟ ಗುರುತಿನ ಸಂಖ್ಯೆಯ ಮೇಲೆಯೋ, ಒಳಗಿನ ಪಠ್ಯದ ಮೇಲೆಯೋ?

ಆರಂಭದ ವ್ಯವಸ್ಥೆಗಳಿಗೆ ಡೈರೆಕ್ಟರಿ ಎಂಬ ಕಲ್ಪನೆಯೇ ಇರಲಿಲ್ಲ. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್ ಆಗಲಿ, 1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಕಿ ಬರೆದ ಆರ್‌ಸಿಎಸ್ ಆಗಲಿ, ಒಂದೊಂದು ಫೈಲಿನ ಇತಿಹಾಸವನ್ನು ಪ್ರತ್ಯೇಕವಾಗಿ ಕಾಪಾಡುತ್ತಿದ್ದವು. ಆಮ್‌ಸ್ಟರ್‌ಡ್ಯಾಮ್‌ನ ಡಿಕ್ ಗ್ರೂನೆ 1986ರಲ್ಲಿ ಆರ್‌ಸಿಎಸ್ ಮೇಲೆ ಕಟ್ಟಿದ ಶೆಲ್ ಸ್ಕ್ರಿಪ್ಟುಗಳಿಂದ ಹುಟ್ಟಿದ ಸಿವಿಎಸ್, ಅನೇಕರು ಒಟ್ಟಿಗೆ ಕೆಲಸ ಮಾಡುವ ದಾರಿಯನ್ನೇನೋ ತೆರೆಯಿತು. ಆದರೆ ಬುನಾದಿ ಹಳೆಯದೇ ಆಗಿತ್ತು. ಸರ್ವರಿನಲ್ಲಿ ಪ್ರತಿ ಫೈಲಿಗೂ ಒಂದು ಇತಿಹಾಸ ಫೈಲು. ಡೈರೆಕ್ಟರಿಗಳಿಗೆ ಇತಿಹಾಸವೇ ಇಲ್ಲ. ಹೆಸರು ಬದಲಿಸುವ ಕಮಾಂಡೂ ಇಲ್ಲ.

ಸಿವಿಎಸ್‌ನಲ್ಲಿ ಡೈರೆಕ್ಟರಿಯ ಹೆಸರು ಬದಲಿಸಬೇಕಾದವರ ಮುಂದೆ ಎರಡು ದಾರಿಗಳಿದ್ದವು, ಎರಡೂ ಕಹಿ. ಒಂದು, ಒಳಗಿನ ಪ್ರತಿ ಫೈಲನ್ನೂ ಹಳೆಯ ಜಾಗದಿಂದ ಅಳಿಸಿ ಹೊಸ ಜಾಗದಲ್ಲಿ ಸೇರಿಸುವುದು. ಆಗ ಹೊಸ ಜಾಗದ ಫೈಲಿಗೆ ಹಿಂದಿನ ನೆನಪೇ ಇರುವುದಿಲ್ಲ. ಹಳೆಯ ಇತಿಹಾಸ ಹಳೆಯ ಹೆಸರಿನಡಿ, ಅಳಿಸಿದ ಫೈಲುಗಳಿಗೆಂದೇ ಇರುವ ‘ಆಟಿಕ್’ ಎಂಬ ಡೈರೆಕ್ಟರಿಯಲ್ಲಿ ಉಳಿಯುತ್ತದೆ. ಇನ್ನೊಂದು, ಸರ್ವರಿಗೇ ಹೋಗಿ ಇತಿಹಾಸ ಫೈಲುಗಳಿರುವ ಡೈರೆಕ್ಟರಿಯ ಹೆಸರನ್ನೇ ಬದಲಿಸಿಬಿಡುವುದು. ಇತಿಹಾಸ ಉಳಿಯುತ್ತದೆ, ಆದರೆ ಎರಡು ವರ್ಷ ಹಿಂದಿನ ಬಿಡುಗಡೆಯನ್ನು ಹೊರತೆಗೆದರೂ ಅದು ಹೊಸ ಹೆಸರಿನಲ್ಲೇ ಬರುತ್ತದೆ. ಅಂದಿನ ಮೇಕ್‌ಫೈಲಿಗೆ ಆ ಹೆಸರು ಗೊತ್ತಿಲ್ಲದ್ದರಿಂದ ಬಿಲ್ಡ್ ಮುರಿಯುತ್ತದೆ. ಈ ಎರಡನೆಯ ದಾರಿ ಹಿಡಿಯುವವರಿಗೆ ಸಿವಿಎಸ್ ಕೈಪಿಡಿಯೇ ಎಚ್ಚರಿಕೆ ಕೊಟ್ಟಿತ್ತು: ಮೊದಲು ಎಲ್ಲರಿಗೂ ತಿಳಿಸಿ, ಅವರವರ ಬದಲಾವಣೆಗಳನ್ನು ಕಮಿಟ್ ಮಾಡಿಸಿ, ಪ್ರತಿಯೊಬ್ಬರ ಪ್ರತಿಯನ್ನೂ ಅಳಿಸಿಸಿ, ಆಮೇಲಷ್ಟೇ ಕೈಹಾಕಬೇಕು. ನೂರಾರು ಜನರಿರುವ ಯೋಜನೆಯಲ್ಲಿ ಇದನ್ನು ನಡೆಸುವುದು ಎಷ್ಟು ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆ ಕಾಲದ ಎಷ್ಟೋ ಯೋಜನೆಗಳಲ್ಲಿ ಅರ್ಥ ಕಳೆದುಕೊಂಡ ಡೈರೆಕ್ಟರಿ ಹೆಸರುಗಳು ಹಾಗೇ ಉಳಿದುಬಿಟ್ಟದ್ದಕ್ಕೆ ಇದೇ ಕಾರಣ.

ದೊಡ್ಡ ಕಂಪನಿಗಳು ಹಣ ಕೊಟ್ಟು ಬಳಸುತ್ತಿದ್ದ ಕ್ಲಿಯರ್‌ಕೇಸ್ 1990ರ ದಶಕದಲ್ಲೇ ಡೈರೆಕ್ಟರಿಗಳಿಗೂ ವರ್ಷನ್ ಕೊಟ್ಟಿತ್ತು. ಡೈರೆಕ್ಟರಿಯನ್ನು ಚೆಕ್‌ಔಟ್ ಮಾಡಿ, ಹೆಸರು ಬದಲಿಸಿ, ಚೆಕ್‌ಇನ್ ಮಾಡಿದರೆ ಫೈಲಿನ ಗುರುತು ಕೆಡುತ್ತಿರಲಿಲ್ಲ. ಅಲ್ಲಿ ಎದುರಾದದ್ದು ಇನ್ನೊಂದು ಬಗೆಯ ತೊಂದರೆ. ಇಬ್ಬರು ಬೇರೆ ಬೇರೆ ಬ್ರಾಂಚುಗಳಲ್ಲಿ ಒಂದೇ ಹೆಸರಿನ ಫೈಲನ್ನು ಸ್ವತಂತ್ರವಾಗಿ ಸೃಷ್ಟಿಸಿದರೆ, ಕಣ್ಣಿಗೆ ಒಂದೇ, ವ್ಯವಸ್ಥೆಗೆ ಎರಡು. ಬಳಕೆದಾರರು ಇವನ್ನು ‘ಈವಿಲ್ ಟ್ವಿನ್ಸ್’ ಎಂದೇ ಕರೆಯುತ್ತಿದ್ದರು.

2000ರಲ್ಲಿ ಕೊಲಾಬ್‌ನೆಟ್ ಕಂಪನಿ ಆರಂಭಿಸಿ, 2004ರ ಫೆಬ್ರವರಿಯಲ್ಲಿ 1.0 ಆವೃತ್ತಿಯಾಗಿ ಬಂದ ಸಬ್‌ವರ್ಷನ್, ಸಿವಿಎಸ್‌ನ ಕುಂದುಗಳನ್ನು ನೀಗಿಸಲೆಂದೇ ಹುಟ್ಟಿದ್ದು. ಡೈರೆಕ್ಟರಿಗೂ ವರ್ಷನ್ ಇರಬೇಕು ಎಂಬುದು ಅದರ ಮೊದಲ ಹೆಗ್ಗಳಿಕೆಗಳಲ್ಲೊಂದು. ‘ಎಸ್‌ವಿಎನ್ ಮೂವ್’ ಎಂಬ ಕಮಾಂಡ್ ಸಾವಿರ ಫೈಲುಗಳ ಡೈರೆಕ್ಟರಿಯನ್ನು ಒಂದೇ ಕಮಿಟ್‌ನಲ್ಲಿ, ಇತಿಹಾಸದ ಸಮೇತ, ಹೊಸ ಹೆಸರಿಗೆ ಒಯ್ಯುತ್ತದೆ. ಸಿವಿಎಸ್‌ನಿಂದ ಬಂದವರಿಗೆ ಇದು ದೊಡ್ಡ ಬಿಡುಗಡೆ. ಆದರೆ ಒಳಗೆ ನಡೆಯುವುದು ನಿಜವಾದ ಸ್ಥಳಾಂತರವಲ್ಲ: ಹಳೆಯದರ ನಕಲು ಹೊಸ ಹೆಸರಿನಲ್ಲಿ, ಜೊತೆಗೆ ಹಳೆಯದರ ಅಳಿಸುವಿಕೆ. ಈ ಎರಡು ಬಿಡಿ ಘಟನೆಗಳನ್ನು ಜೋಡಿಸಿ ‘ಇದು ಮರುನಾಮಕರಣ’ ಎಂದು ಮರ್ಜ್ ಮಾಡುವಾಗ ಅದು ಗುರುತಿಸುತ್ತಿರಲಿಲ್ಲ.

ಇದರ ಫಲ ಹಂಚಿಕೆಯ ಕೆಲಸದಲ್ಲಿ ಬೇಗ ಕಾಣಿಸಿತು. ಒಬ್ಬರು ಡೈರೆಕ್ಟರಿಯ ಹೆಸರು ಬದಲಿಸಿ ಕಮಿಟ್ ಮಾಡುತ್ತಾರೆ. ಇನ್ನೊಬ್ಬರು ಅದರೊಳಗಿನ ಫೈಲೊಂದನ್ನು ತಿದ್ದುತ್ತಿರುತ್ತಾರೆ. ಎರಡನೆಯವರು ಅಪ್‌ಡೇಟ್ ಮಾಡಿದಾಗ ಹೊಸ ಡೈರೆಕ್ಟರಿ ಬರುತ್ತದೆ, ಹಳೆಯದರಲ್ಲಿ ಅವರು ತಿದ್ದಿದ ಫೈಲು ಮಾತ್ರ ಯಾರಿಗೂ ಸೇರದ ವಸ್ತುವಾಗಿ ಉಳಿಯುತ್ತದೆ. ತಿದ್ದುಪಡಿ ಹೊಸ ಜಾಗಕ್ಕೆ ತಲುಪಿಲ್ಲವೆಂದು ಹೇಳುವವರಿಲ್ಲ. 2009ರ ಸಬ್‌ವರ್ಷನ್ 1.6 ಇಂಥ ಸಂದರ್ಭಗಳನ್ನು ‘ಟ್ರೀ ಕಾನ್‌ಫ್ಲಿಕ್ಟ್’ ಎಂದು ಗುರುತಿಸಿ ತಡೆದು ನಿಲ್ಲಿಸತೊಡಗಿತು. ಬಿಡಿಸುವ ಕೆಲಸವನ್ನು ಮಾತ್ರ ಮನುಷ್ಯರಿಗೇ ಬಿಟ್ಟಿತು. 2013ರ 1.8 ಆವೃತ್ತಿ ಸ್ಥಳೀಯ ಪ್ರತಿಯಲ್ಲಿ ನಡೆದ ಸ್ಥಳಾಂತರಗಳನ್ನು ನೆನಪಿಟ್ಟುಕೊಳ್ಳಲು ಕಲಿಯಿತು. 2018ರ 1.10 ಆವೃತ್ತಿಯಲ್ಲಿ, ಫೈಲು ಎಲ್ಲಿಗೆ ಹೋಯಿತೆಂದು ಇತಿಹಾಸದಲ್ಲಿ ಹುಡುಕಿ ಪರಿಹಾರ ಸೂಚಿಸುವ ಸೌಲಭ್ಯ ಬಂತು.

ಸಬ್‌ವರ್ಷನ್ ಬಳಸಿದವರಿಗೆ ನೆನಪಿರುವ ಮತ್ತೊಂದು ತಾಪತ್ರಯ ‘ಔಟ್ ಆಫ್ ಡೇಟ್’ ಎಂಬ ತಕರಾರು. ಸ್ಥಳೀಯ ಪ್ರತಿಯಲ್ಲಿ ಒಂದೊಂದು ಫೈಲು ಒಂದೊಂದು ರಿವಿಷನ್‌ನಲ್ಲಿರಲು ಅದು ಬಿಡುತ್ತದೆ, ಆದರೆ ಡೈರೆಕ್ಟರಿಯನ್ನು ಅಳಿಸಲೋ ಸರಿಸಲೋ ಹೊರಟರೆ ಅದು ಪೂರ್ತಿ ಹೊಸದಾಗಿರಬೇಕು ಎನ್ನುತ್ತದೆ. ನಿಯಮ ಸರಿಯಾದದ್ದೇ. ಬೇರೆಯವರು ಒಳಗೆ ಏನು ಬದಲಿಸಿದ್ದಾರೆಂದು ನೋಡದೆ ಇಡೀ ಡೈರೆಕ್ಟರಿಯನ್ನು ಎತ್ತಿಕೊಂಡು ಹೋಗಬಾರದು ತಾನೇ. ಮೊದಲು ಅಪ್‌ಡೇಟ್, ಆಮೇಲೆ ಮೂವ್ ಎಂಬುದು ಅಂದಿನ ತಂಡಗಳಲ್ಲಿ ರೂಢಿಯಾದದ್ದು ಹೀಗೆ.

ಅದೇ ಹೊತ್ತಿನಲ್ಲಿ ಗುರುತಿನ ಸಂಖ್ಯೆಯ ದಾರಿ ಹಿಡಿದ ವ್ಯವಸ್ಥೆಗಳೂ ಬೆಳೆದವು. 2002ರಿಂದ 2005ರವರೆಗೆ ಲಿನಕ್ಸ್ ಕರ್ನಲ್ ಬಳಸಿದ ಬಿಟ್‌ಕೀಪರ್, ಗ್ನು ಆರ್ಚ್, ಕನಾನಿಕಲ್ ಕಂಪನಿಯ ಬಜಾರ್ ಇವೆಲ್ಲ ಫೈಲು ಹುಟ್ಟಿದಾಗಲೇ ಅದಕ್ಕೊಂದು ಶಾಶ್ವತ ಗುರುತು ಕೊಡುತ್ತಿದ್ದವು. ಜಮೀನು ಯಾರ ಕೈಗೆ ಹೋದರೂ ಸರ್ವೆ ನಂಬರು ಅದೇ ಇರುವ ಹಾಗೆ, ಹೆಸರು ಏನಾದರೂ ಗುರುತು ಅದೇ. ಬಜಾರ್ ಡೈರೆಕ್ಟರಿಗಳಿಗೂ ಇಂಥ ಗುರುತು ಕೊಟ್ಟದ್ದರಿಂದ ಒಂದು ಸೊಗಸಾದ ಪರಿಣಾಮ ಸಿಕ್ಕಿತು: ಒಬ್ಬರು ಡೈರೆಕ್ಟರಿಯ ಹೆಸರು ಬದಲಿಸಿದ ಹೊತ್ತಿಗೇ ಇನ್ನೊಬ್ಬರು ಹಳೆಯ ಹೆಸರಿನಡಿ ಹೊಸ ಫೈಲು ಸೇರಿಸಿದ್ದರೂ, ಮರ್ಜ್ ಆದಾಗ ಆ ಫೈಲು ತಾನಾಗಿಯೇ ಹೊಸ ಹೆಸರಿನಡಿ ಬಂದು ಕೂರುತ್ತಿತ್ತು. ಉಬುಂಟು ಸ್ಥಾಪಕ ಮಾರ್ಕ್ ಶಟಲ್‌ವರ್ತ್ 2007ರಲ್ಲಿ, ಮರುನಾಮಕರಣವನ್ನು ಸರಿಯಾಗಿ ನಿಭಾಯಿಸುವುದೇ ವಿಕೇಂದ್ರಿತ ವ್ಯವಸ್ಥೆಗಳ ನಿಜವಾದ ಬಲ ಎಂದು ವಾದಿಸಿ ಬರೆದರು. ಹೆಸರುಗಳನ್ನು ಸುಧಾರಿಸಲು ಜನ ಹೆದರುವಂತಾದರೆ ಕೋಡ್ ಹಳಸುತ್ತದೆ ಎಂಬ ಆ ಕಾಳಜಿಯಲ್ಲಿ ನ್ಯಾಯವಿತ್ತು.

ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಬರೆದ ಗಿಟ್ ತದ್ವಿರುದ್ಧ ದಿಕ್ಕು ಹಿಡಿಯಿತು. ಅದು ಮರುನಾಮಕರಣವನ್ನು ದಾಖಲಿಸುವುದೇ ಇಲ್ಲ. ಗಿಟ್‌ನಲ್ಲಿ ಫೈಲಿನ ಪಠ್ಯ ‘ಬ್ಲಾಬ್’, ಡೈರೆಕ್ಟರಿ ‘ಟ್ರೀ’. ಎರಡಕ್ಕೂ ಒಳಗಿನ ವಸ್ತುವಿನಿಂದಲೇ ಹ್ಯಾಶ್ ಹುಟ್ಟುತ್ತದೆ, ಹೆಸರು ಇರುವುದು ಮೇಲಿನ ಟ್ರೀಯಲ್ಲಿ. ಹೀಗಾಗಿ ಒಳಗಿನದನ್ನು ಮುಟ್ಟದೆ ಡೈರೆಕ್ಟರಿಯ ಹೆಸರು ಬದಲಿಸಿದರೆ ಹಳೆಯ ಟ್ರೀಯೇ ಹೊಸ ಹೆಸರಿನಡಿ ಕಾಣಿಸಿಕೊಳ್ಳುತ್ತದೆ. ಸಂಗ್ರಹಕ್ಕೆ ಹೆಚ್ಚುಕಡಿಮೆ ಏನೂ ಖರ್ಚಿಲ್ಲ. ‘ಗಿಟ್ ಎಂವಿ’ ಎಂಬ ಕಮಾಂಡ್ ಕೂಡ ಬರೀ ಅನುಕೂಲಕ್ಕಿರುವುದು. ಫೈಲ್ ಮ್ಯಾನೇಜರಿನಲ್ಲಿ ಹೆಸರು ಬದಲಿಸಿ ‘ಗಿಟ್ ಆಡ್’ ಮಾಡಿದರೂ ಕಮಿಟ್ ಅದೇ ಬರುತ್ತದೆ. ಟೊರ್ವಾಲ್ಡ್ಸ್ ವಾದ ಇಷ್ಟು: ಮುಖ್ಯವಾದದ್ದು ಪಠ್ಯದ ಚಲನೆ. ಒಂದು ಫಂಕ್ಷನ್ ಈ ಫೈಲಿನಿಂದ ಆ ಫೈಲಿಗೆ ಹೋಗುವುದು ಇಡೀ ಫೈಲು ಸರಿಯುವುದಕ್ಕಿಂತ ಹೆಚ್ಚು ಸಾಮಾನ್ಯ, ಫೈಲಿನ ಗುರುತು ಅದನ್ನು ಹಿಡಿಯಲಾರದು. ಹಾಗಾಗಿ ಬರೆಯುವಾಗ ದಾಖಲಿಸುವುದಕ್ಕಿಂತ ಓದುವಾಗ ಊಹಿಸುವುದೇ ಮೇಲು.

ಊಹಿಸುವ ಕ್ರಮ ಹೀಗಿದೆ. ಎರಡು ಸ್ಥಿತಿಗಳನ್ನು ಹೋಲಿಸಿದಾಗ ಕಾಣೆಯಾದ ಫೈಲುಗಳ ಒಂದು ಪಟ್ಟಿ, ಹೊಸದಾಗಿ ಬಂದವುಗಳ ಒಂದು ಪಟ್ಟಿ ಸಿಗುತ್ತದೆ. ಹ್ಯಾಶ್ ಒಂದೇ ಆಗಿರುವವನ್ನು ಮೊದಲು ಜೋಡಿಸಲಾಗುತ್ತದೆ. ಉಳಿದವುಗಳಲ್ಲಿ ಪ್ರತಿ ಹಳೆಯದನ್ನೂ ಪ್ರತಿ ಹೊಸದರೊಂದಿಗೆ ತಾಳೆ ನೋಡಿ, ಪಠ್ಯ ಶೇ. 50ಕ್ಕೆ ಕಡಿಮೆಯಿಲ್ಲದಂತೆ ಹೋಲಿದರೆ ಮರುನಾಮಕರಣ ಎಂದು ತೀರ್ಮಾನ. ಸಾವಿರ ಹಳೆಯವು, ಸಾವಿರ ಹೊಸವು ಇದ್ದರೆ ಹತ್ತು ಲಕ್ಷ ಹೋಲಿಕೆಗಳು ಬೇಕು. ಅದಕ್ಕೇ ಗಿಟ್ ಒಂದು ಮಿತಿ ಇಟ್ಟುಕೊಂಡಿದೆ. ಅದನ್ನು ದಾಟಿದರೆ ಈ ಹೋಲಿಕೆಯ ಹುಡುಕಾಟವನ್ನೇ ಕೈಬಿಡುತ್ತದೆ. ಬಹುಕಾಲ ಈ ಮಿತಿ ವ್ಯತ್ಯಾಸ ತೋರಿಸುವಾಗ 400, ಮರ್ಜ್ ಮಾಡುವಾಗ 1000 ಇತ್ತು. 2021ರಲ್ಲಿ ಕ್ರಮವಾಗಿ 1000 ಮತ್ತು 7000 ಆಯಿತು.

ಈ ವಿಧಾನದ ದುರ್ಬಲ ಜಾಗ ಚಿಕ್ಕ ಫೈಲುಗಳು. ಜಾವಾದಂಥ ಭಾಷೆಯಲ್ಲಿ ಪ್ಯಾಕೇಜಿನ ಹೆಸರೇ ಡೈರೆಕ್ಟರಿಯ ಹೆಸರು; ಡೈರೆಕ್ಟರಿ ಬದಲಾದರೆ ಪ್ರತಿ ಫೈಲಿನ ಮೊದಲ ಸಾಲು, ಇಂಪೋರ್ಟ್ ಸಾಲುಗಳು ಎಲ್ಲವೂ ಬದಲಾಗಬೇಕು. ಹನ್ನೆರಡು ಸಾಲಿನ ಫೈಲಿನಲ್ಲಿ ಏಳು ಸಾಲು ತಿದ್ದಿದರೆ ಹೋಲಿಕೆ ಅರ್ಧಕ್ಕಿಂತ ಕೆಳಗಿಳಿಯಬಹುದು, ಗಿಟ್ ಕಣ್ಣಿಗೆ ಅದು ಹೊಸ ಫೈಲು. ಎಂಟರ್‌ಪ್ರೈಸ್ ಜಾವಾ ಮಾನದಂಡದ, 2020ರ ಕೊನೆಯಲ್ಲಿ ಬಂದ ಆವೃತ್ತಿ ಜಕಾರ್ತಾ ಇಇ 9, ಒರಾಕಲ್‌ನ ಟ್ರೇಡ್‌ಮಾರ್ಕ್ ಕಾರಣದಿಂದ ‘ಜಾವಾಎಕ್ಸ್’ ಎಂಬ ಹೆಸರನ್ನು ಬಿಟ್ಟು ‘ಜಕಾರ್ತಾ’ ಎಂದು ಬದಲಿಸಿಕೊಂಡಾಗ, ಅದರ ಮೇಲೆ ನಿಂತ ಲೈಬ್ರರಿಗಳೂ ಅಪ್ಲಿಕೇಶನ್‌ಗಳೂ ತಮ್ಮ ತಮ್ಮ ಇಂಪೋರ್ಟ್ ಸಾಲುಗಳನ್ನು ತಿದ್ದಿಕೊಳ್ಳಬೇಕಾಯಿತು.

ಗಿಟ್ ಹುಟ್ಟಿದ ಮೇಲೂ ಹದಿಮೂರು ವರ್ಷ ಬಜಾರ್‌ನ ಆ ಸೊಗಸು ಅದಕ್ಕೆ ಬರಲಿಲ್ಲ. ಅದು ಒಂದೊಂದು ಫೈಲಿನ ಮರುನಾಮಕರಣವನ್ನು ಊಹಿಸುತ್ತಿತ್ತೇ ಹೊರತು ಡೈರೆಕ್ಟರಿಯದ್ದನ್ನಲ್ಲ. ತಿದ್ದಿದ ಹಳೆಯ ಫೈಲುಗಳು ಸರಿಯಾಗಿ ಹೊಸ ಜಾಗಕ್ಕೆ ಹೋಗುತ್ತಿದ್ದವು. ಬ್ರಾಂಚಿನಲ್ಲಿ ಹೊಸದಾಗಿ ಸೇರಿಸಿದ ಫೈಲು ಮಾತ್ರ ಹಳೆಯ ಹೆಸರಿನಡಿ ಒಂಟಿಯಾಗಿ ಉಳಿಯುತ್ತಿತ್ತು. ಬಿಲ್ಡ್ ವ್ಯವಸ್ಥೆ ಆ ಡೈರೆಕ್ಟರಿಯನ್ನು ನೋಡುವುದನ್ನೇ ಬಿಟ್ಟಿದ್ದರೆ ಯಾವ ದೋಷವೂ ಕಾಣದೆ ಆ ಕೋಡ್ ಉತ್ಪನ್ನದಿಂದಲೇ ಹೊರಗುಳಿಯುತ್ತಿತ್ತು. ಗಿಟ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಮರ್ಕ್ಯುರಿಯಲ್ ಇದಕ್ಕಿಂತ ಬಹಳ ಮೊದಲೇ ಈ ಸಂದರ್ಭವನ್ನು ಗುರುತಿಸುತ್ತಿತ್ತು.

ಗಿಟ್‌ನಲ್ಲಿ ಈ ಕೊರತೆಯನ್ನು ತುಂಬಿದವರು ಎಲಿಜಾ ನ್ಯೂರೆನ್. 2018ರ ಜೂನ್‌ನಲ್ಲಿ ಬಂದ 2.18 ಆವೃತ್ತಿ, ಒಂದು ಡೈರೆಕ್ಟರಿಯ ಫೈಲುಗಳು ಬಹುಸಂಖ್ಯೆಯಲ್ಲಿ ಇನ್ನೊಂದಕ್ಕೆ ಹೋಗಿದ್ದರೆ ಇಡೀ ಡೈರೆಕ್ಟರಿಯೇ ಸರಿದಿದೆ ಎಂದು ಊಹಿಸತೊಡಗಿತು. ಎಚ್ಚರಿಕೆಯ ನಿಯಮಗಳೂ ಇದ್ದವು. ಹಳೆಯ ಡೈರೆಕ್ಟರಿಯಲ್ಲಿ ಒಂದೇ ಒಂದು ಫೈಲು ಉಳಿದಿದ್ದರೂ ಅದು ಸರಿದಿದೆ ಎಂದು ಭಾವಿಸುವುದಿಲ್ಲ; ಫೈಲುಗಳು ಎರಡು ಕಡೆಗೆ ಸಮನಾಗಿ ಹಂಚಿಹೋಗಿದ್ದರೆ ಯಾವ ಕಡೆಗೆ ಎಂದು ಮನುಷ್ಯರನ್ನೇ ಕೇಳುತ್ತದೆ. ಆದರೂ ಊಹೆ ಊಹೆಯೇ. ಮರುವರ್ಷ, 2.22ರಲ್ಲಿ, ಪೂರ್ವನಿಯೋಜಿತ ನಡವಳಿಕೆಯನ್ನು ಬದಲಿಸಲಾಯಿತು: ಫೈಲನ್ನು ಹೊಸ ಜಾಗಕ್ಕೆ ಒಯ್ದರೂ ಅದನ್ನು ಕಾನ್‌ಫ್ಲಿಕ್ಟ್ ಎಂದು ಗುರುತಿಸಿ ಡೆವಲಪರ್ ಒಪ್ಪಿಗೆಗೆ ಕಾಯುತ್ತದೆ. ಇದು ವಿವೇಕದ ನಿರ್ಧಾರ. ಬೇರೆಯವರ ಫೈಲನ್ನು ಅವರಿಗೆ ಹೇಳದೆ ಸರಿಸುವ ಸಾಧನವನ್ನು ಯಾವ ತಂಡವೂ ಬಹುಕಾಲ ನಂಬಲಾರದು.

ನ್ಯೂರೆನ್ ಮರ್ಜ್ ಯಂತ್ರವನ್ನೇ ಹೊಸದಾಗಿ ಬರೆದರು. ‘ಓಆರ್‌ಟಿ’ ಎಂಬ ಈ ವಿಧಾನ 2021ರ ನವೆಂಬರ್‌ನ 2.34 ಆವೃತ್ತಿಯಿಂದ ಗಿಟ್‌ನ ಪೂರ್ವನಿಯೋಜಿತ ಆಯ್ಕೆಯಾಯಿತು. ಅದರ ವೇಗ ಅಳೆಯಲು ಅವರು ಆರಿಸಿಕೊಂಡ ಪರೀಕ್ಷೆಗಳಲ್ಲಿ ಒಂದು ಲಿನಕ್ಸ್ ಕರ್ನಲ್‌ನ ‘ಡ್ರೈವರ್ಸ್’ ಡೈರೆಕ್ಟರಿಗೆ ‘ಪೈಲಟ್ಸ್’ ಎಂದು ಹೆಸರಿಡುವುದು. ಸುಮಾರು 26,000 ಫೈಲುಗಳ ಸ್ಥಳಾಂತರ. ಇಂಥ ಭಾರೀ ಬದಲಾವಣೆಯ ಮೇಲೆ ಒಂದರ ಹಿಂದೊಂದು ಕಮಿಟ್‌ಗಳನ್ನು ರಿಬೇಸ್ ಮಾಡುವ ಕೆಲಸ ಹಿಂದಿಗಿಂತ 9,000 ಪಟ್ಟಿಗೂ ಹೆಚ್ಚು ವೇಗವಾಯಿತು. ಒಮ್ಮೆ ಊಹಿಸಿದ್ದನ್ನು ನೆನಪಿಟ್ಟುಕೊಂಡು ಮುಂದಿನ ಕಮಿಟ್‌ಗೂ ಬಳಸುವುದು ಇದರ ಗುಟ್ಟುಗಳಲ್ಲೊಂದು.

ಸಾಧನ ಎಷ್ಟೇ ಜಾಣವಾದರೂ ದೊಡ್ಡ ಯೋಜನೆಗಳ ಅನುಭವ ಕಲಿಸಿದ್ದು ಬೇರೆಯೇ ಶಿಸ್ತು. 2007ರ ಅಕ್ಟೋಬರ್‌ನಲ್ಲಿ ಲಿನಕ್ಸ್ 2.6.24ರ ತಯಾರಿಯಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೊ ಮೊಲ್ನಾರ್, 32 ಬಿಟ್ ಮತ್ತು 64 ಬಿಟ್ ಇಂಟೆಲ್ ಮಾದರಿಯ ಪ್ರೊಸೆಸರುಗಳ ಕೋಡ್ ಇದ್ದ ‘ಐ386’ ಮತ್ತು ‘ಎಕ್ಸ್86_64’ ಡೈರೆಕ್ಟರಿಗಳನ್ನು ‘ಎಕ್ಸ್86’ ಎಂಬ ಒಂದೇ ಡೈರೆಕ್ಟರಿಗೆ ತಂದರು. ಒಂದೇ ಏಟಿಗೆ ಕೋಡ್ ಬೆರೆಸಲು ಅವರು ಹೋಗಲಿಲ್ಲ. ಒಂದೇ ಹೆಸರಿನ ಎರಡು ಫೈಲುಗಳಿದ್ದಲ್ಲಿ ಹೆಸರಿನ ಕೊನೆಗೆ 32, 64 ಎಂದು ಸೇರಿಸಿ ಅಕ್ಕಪಕ್ಕದಲ್ಲಿ ಇಟ್ಟರು. ಪಠ್ಯ ಬೆಸೆಯುವ ಕೆಲಸ ಮುಂದಿನ ಬಿಡುಗಡೆಗಳಲ್ಲಿ ನಿಧಾನವಾಗಿ ನಡೆಯಿತು. ಬಿಲ್ಡ್ ಮುಗಿದಾಗ ಹಳೆಯ ಜಾಗದಲ್ಲೊಂದು ಸಿಂಬಾಲಿಕ್ ಲಿಂಕ್ ಇಡುವ ಏರ್ಪಾಡೂ ಆಯಿತು, ಹಳೆಯ ಪಾಥ್‌ನಲ್ಲೇ ಕರ್ನಲ್ ಹುಡುಕುವ ಸ್ಕ್ರಿಪ್ಟುಗಳಿಗಾಗಿ.

ಹಳೆಯ ಬಿಡುಗಡೆಗಳನ್ನು ನೋಡಿಕೊಳ್ಳುವವರ ಕಷ್ಟ ಇನ್ನೂ ದೀರ್ಘ. ಮುಖ್ಯ ಬ್ರಾಂಚಿನಲ್ಲಿ ಮಾಡಿದ ಭದ್ರತಾ ತಿದ್ದುಪಡಿಯನ್ನು ಹಳೆಯ ಬ್ರಾಂಚಿಗೆ ಒಯ್ಯುವಾಗ ಪಾಥ್ ಬೇರೆಯಾಗಿದ್ದರೆ ಪ್ರತಿ ಸಲವೂ ಕೈಕೆಲಸ. 2023ರಲ್ಲಿ ಲಿನಕ್ಸ್ 6.4ಕ್ಕಾಗಿ ವಿಂಡೋಸ್ ಫೈಲ್ ಹಂಚಿಕೆಯ ಕೋಡನ್ನು ‘ಸಿಐಎಫ್‌ಎಸ್’, ‘ಕೆಎಸ್‌ಎಂಬಿಡಿ’ ಡೈರೆಕ್ಟರಿಗಳಿಂದ ‘ಎಸ್‌ಎಂಬಿ’ ಎಂಬ ಒಂದೇ ಹೆಸರಿನಡಿ ತಂದಾಗ, ದೀರ್ಘಾವಧಿ ನಿರ್ವಹಣೆಯ 6.1ರಲ್ಲೂ ಅದೇ ಸ್ಥಳಾಂತರ ಮಾಡಲಾಯಿತು. ಸ್ಥಿರ ಬ್ರಾಂಚಿನಲ್ಲಿ ಇಷ್ಟು ದೊಡ್ಡ ಬದಲಾವಣೆ ಮಾಡುವುದು ಅಪರೂಪ. ಮುಂದೆ ಬರುವ ತಿದ್ದುಪಡಿಗಳು ಸಲೀಸಾಗಿ ಹೊಂದಲಿ ಎಂಬ ಲೆಕ್ಕ ಅಲ್ಲಿ ಗೆದ್ದಿತು. ಜಾವಾದ ಓಪನ್‌ಜೆಡಿಕೆ ಯೋಜನೆ ಬೇರೆ ಉಪಾಯ ಕಂಡುಕೊಂಡಿತು. 2014ರಲ್ಲಿ ಜೆಡಿಕೆ 9ರ ಮಾಡ್ಯೂಲ್ ವ್ಯವಸ್ಥೆಗಾಗಿ ಮೂಲ ಕೋಡನ್ನೆಲ್ಲ ಮಾಡ್ಯೂಲುಗಳ ಪ್ರಕಾರ ಹೊಸದಾಗಿ ಜೋಡಿಸಿದಾಗ, ಪ್ಯಾಚಿನೊಳಗಿನ ಪಾಥ್‌ಗಳನ್ನು ಹಳೆಯ ಮತ್ತು ಹೊಸ ವಿನ್ಯಾಸಗಳ ನಡುವೆ ಬದಲಿಸಿಕೊಡುವ ‘ಅನ್‌ಷಫಲ್ ಪ್ಯಾಚ್’ ಎಂಬ ಸ್ಕ್ರಿಪ್ಟನ್ನೂ ರಿಪಾಸಿಟರಿಯಲ್ಲೇ ಇಟ್ಟರು. ಜೆಡಿಕೆ 8ಕ್ಕೆ ತಿದ್ದುಪಡಿ ಒಯ್ಯುವವರಿಗೆ ಇದು ದೊಡ್ಡ ಉಪಕಾರ. ಹೆಸರು ಬದಲಿಸುವವರೇ ಇತರರ ಹೊರೆಯನ್ನೂ ಹೊತ್ತ ಒಳ್ಳೆಯ ಉದಾಹರಣೆಯಾಗಿ ಇದು ಇನ್ನೂ ಹೆಚ್ಚು ಪ್ರಚಾರ ಪಡೆಯಬೇಕಿತ್ತು.

ಇಂಥ ಬದಲಾವಣೆಗಳು ತಡವಾಗುವುದೂ ಉಂಟು. ಗೋ ಭಾಷೆಯ ತಂಡ 2014ರ ಡಿಸೆಂಬರ್‌ನ 1.4 ಬಿಡುಗಡೆಯಲ್ಲಿ ‘ಎಸ್‌ಆರ್‌ಸಿ/ಪಿಕೆಜಿ’ ಎಂಬುದರಿಂದ ಒಂದು ಮಟ್ಟವನ್ನೇ ತೆಗೆದುಹಾಕಿತು. ಕ್ರೋಮ್ ಬ್ರೌಸರಿನ ಮೂಲವಾದ ಕ್ರೋಮಿಯಂನಲ್ಲಿ ಇನ್ನೂ ತಡ: 2013ರಲ್ಲೇ ವೆಬ್‌ಕಿಟ್‌ನಿಂದ ಕವಲೊಡೆದು ಬ್ಲಿಂಕ್ ಎಂಬ ಹೆಸರು ಪಡೆದ ಎಂಜಿನ್, 2018ರವರೆಗೂ ‘ವೆಬ್‌ಕಿಟ್’ ಎಂಬ ಡೈರೆಕ್ಟರಿಯಲ್ಲೇ ಇತ್ತು.

ಅಕ್ಷರದ ಗಾತ್ರವೊಂದೇ ಬದಲಾಗುವ ಮರುನಾಮಕರಣ ವಿಶೇಷ ಕಾಟ ಕೊಡುತ್ತದೆ. ವಿಂಡೋಸ್ ಮತ್ತು ಮ್ಯಾಕ್‌ನ ಸಾಮಾನ್ಯ ಫೈಲ್ ಸಿಸ್ಟಂಗಳು ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಒಂದೇ ಎಂದು ಎಣಿಸುತ್ತವೆ. ಲಿನಕ್ಸ್ ಬೇರೆ ಎನ್ನುತ್ತದೆ. ಮ್ಯಾಕ್ ಬಳಸುವವರು ಡೈರೆಕ್ಟರಿಯ ಮೊದಲಕ್ಷರವನ್ನು ಚಿಕ್ಕದು ಮಾಡಿದರೆ ಗಿಟ್ ಗಮನಿಸದೇ ಇರಬಹುದು. ಆಮೇಲೆ ಸೇರಿಸಿದ ಫೈಲುಗಳು ಹೊಸ ಹೆಸರಿನಡಿ ಹೋಗಿ, ಲಿನಕ್ಸ್ ಸರ್ವರಿನಲ್ಲಿ ಎರಡು ಡೈರೆಕ್ಟರಿಗಳಲ್ಲಿ ಅರ್ಧರ್ಧ ಕೋಡ್ ಕಾಣಿಸಿಕೊಳ್ಳುತ್ತದೆ. ಮೊದಲು ಯಾವುದೋ ಮಧ್ಯಂತರ ಹೆಸರಿಗೆ, ಅಲ್ಲಿಂದ ಬೇಕಾದ ಹೆಸರಿಗೆ ಎಂದು ಎರಡು ಹೆಜ್ಜೆಯಲ್ಲಿ ಬದಲಿಸುವುದು ಇದಕ್ಕಿರುವ ರೂಢಿಯ ಮದ್ದು. ಗೋ ಭಾಷೆಯ ಜನಪ್ರಿಯ ಲೈಬ್ರರಿ ಲಾಗ್‌ರಸ್‌ನ ಪಾಥ್‌ನಲ್ಲಿ 2017ರಲ್ಲಿ ಒಂದು ದೊಡ್ಡಕ್ಷರ ಚಿಕ್ಕದಾದಾಗ, ಹಳೆಯ ಪಾಥ್ ಬಳಸುವವರೂ ಹೊಸದನ್ನು ಬಳಸುವವರೂ ಒಂದೇ ಪ್ರೋಗ್ರಾಮಿನಲ್ಲಿ ಸೇರಿದ ಕಡೆಯೆಲ್ಲ ಬಿಲ್ಡ್ ಮುರಿದುಬಿತ್ತು.

ರಿಪಾಸಿಟರಿಯ ಸುತ್ತಲಿನ ವ್ಯವಸ್ಥೆಗಳೂ ಪಾಥ್ ಮೇಲೆಯೇ ನಿಂತಿವೆ. ಯಾವ ಡೈರೆಕ್ಟರಿ ಬದಲಾದರೆ ಯಾರು ಪರಿಶೀಲಿಸಬೇಕೆಂದು ಹೇಳುವ ಗಿಟ್‌ಹಬ್‌ನ ‘ಕೋಡ್‌ಓನರ್ಸ್’ ಫೈಲು ಹಳೆಯ ಹೆಸರನ್ನೇ ಹೇಳುತ್ತಿದ್ದರೆ ಯಾರಿಗೂ ಸೂಚನೆ ಹೋಗುವುದಿಲ್ಲ. ಪಾಥ್ ನೋಡಿ ಓಡುವ ಟೆಸ್ಟುಗಳು ಓಡುವುದನ್ನೇ ನಿಲ್ಲಿಸುತ್ತವೆ, ಮತ್ತು ಓಡದ ಟೆಸ್ಟು ವಿಫಲವಾಗುವುದೂ ಇಲ್ಲ. ಸಬ್‌ವರ್ಷನ್‌ನಲ್ಲಿ ಡೈರೆಕ್ಟರಿಗೊಂದು ಅನುಮತಿ ಬರೆದಿಟ್ಟಿದ್ದರೆ ಹೊಸ ಹೆಸರಿಗೆ ಆ ನಿಯಮ ಅನ್ವಯಿಸದೆ ಗುಪ್ತ ಕೋಡ್ ಎಲ್ಲರಿಗೂ ತೆರೆದುಕೊಳ್ಳುವ ಅಪಾಯವಿದೆ. ಹೆಸರು ಬದಲಾದದ್ದು ಎಲ್ಲರಿಗೂ ಕಾಣುತ್ತದೆ, ಈ ಮೌನ ವೈಫಲ್ಯಗಳು ಕಾಣುವುದಿಲ್ಲ. ತಂಡಗಳು ಹೆಚ್ಚು ಹೊತ್ತು ಕೊಡಬೇಕಾದದ್ದು ಇವುಗಳಿಗೇ.

ಗಿಟ್‌ನ ಊಹೆ ತಪ್ಪದಿರಲೆಂದು ಅನುಭವಿ ತಂಡಗಳು ಸ್ಥಳಾಂತರವನ್ನು ಒಂದು ಕಮಿಟ್‌ನಲ್ಲೂ ಪಠ್ಯದ ತಿದ್ದುಪಡಿಯನ್ನು ಇನ್ನೊಂದರಲ್ಲೂ ಇಡುತ್ತವೆ. ಇದರಲ್ಲೂ ಒಂದು ಎಳೆದಾಟವಿದೆ. ಬರೀ ಸ್ಥಳಾಂತರದ ಕಮಿಟ್‌ನಲ್ಲಿ ಇಂಪೋರ್ಟ್‌ಗಳು ಹಳೆಯ ಪಾಥ್ ತೋರಿಸುತ್ತಿರುವುದರಿಂದ ಬಿಲ್ಡ್ ಆಗದು, ದೋಷ ಹುಟ್ಟಿದ ಕಮಿಟ್ ಹುಡುಕುವ ಬೈಸೆಕ್ಟ್ ಅಲ್ಲಿ ಎಡವುತ್ತದೆ. ಬಿಲ್ಡ್ ಆಗಲು ಬೇಕಾದ ಕನಿಷ್ಠ ಸಾಲುಗಳನ್ನು ಮಾತ್ರ ಜೊತೆಗೆ ತಿದ್ದುವುದು ಒಪ್ಪತಕ್ಕ ಮಧ್ಯಮಾರ್ಗ. ಕೊನೆಗೆ ಎಲ್ಲವನ್ನೂ ‘ಸ್ಕ್ವಾಷ್’ ಮಾಡಿ ಒಂದೇ ಕಮಿಟ್ ಆಗಿಸಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಸಮಯದ ಆಯ್ಕೆಯೂ ಸಣ್ಣ ವಿಷಯವಲ್ಲ. ಬೆಂಗಳೂರಿನಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಜನರಿರುವ ತಂಡದಲ್ಲಿ, ಅಲ್ಲಿನ ರಾತ್ರಿ ಹತ್ತಕ್ಕೆ ‘ಯಾರೂ ಕೆಲಸ ಮಾಡುತ್ತಿಲ್ಲ’ ಎಂದು ಹೆಸರು ಬದಲಿಸಿದರೆ, ಇಲ್ಲಿ ಬೆಳಗಿನ ಹತ್ತೂವರೆಯೋ ಹನ್ನೊಂದೂವರೆಯೋ ಆಗಿ ಎಲ್ಲರ ಕೈಯಲ್ಲೂ ಅರ್ಧ ಮುಗಿದ ಕೆಲಸವಿರುತ್ತದೆ.

ಗಿಟ್‌ನಲ್ಲಿ ಡೈರೆಕ್ಟರಿಯ ಇತಿಹಾಸ ಕೇಳಿದರೆ ಇಂದಿಗೂ ಮರುನಾಮಕರಣದ ಕಮಿಟ್‌ಗೆ ಬಂದು ನಿಲ್ಲುತ್ತದೆ. ‘ಫಾಲೋ’ ಎಂಬ ಆಯ್ಕೆ ಒಂದು ಫೈಲಿಗಷ್ಟೇ; ಡೈರೆಕ್ಟರಿಗಾದರೆ ಹಳೆಯ, ಹೊಸ ಎರಡೂ ಪಾಥ್‌ಗಳನ್ನು ಕೊಟ್ಟು ಕೇಳಬೇಕು. ಇದರಾಚೆಗಿನ ದಾರಿ ಇತಿಹಾಸವನ್ನೇ ತಿದ್ದಿ ಬರೆಯುವುದು, ಆ ಹೆಸರು ಮೊದಲಿನಿಂದಲೂ ಇತ್ತು ಎಂಬಂತೆ. ನ್ಯೂರೆನ್ ಅವರದ್ದೇ ಆದ ‘ಫಿಲ್ಟರ್ ರಿಪೋ’ ಎಂಬ ಸಾಧನ ಇದನ್ನು ಮಾಡುತ್ತದೆ, ಆದರೆ ಪ್ರತಿ ಕಮಿಟ್‌ನ ಹ್ಯಾಶ್ ಬದಲಾಗುವುದರಿಂದ ಎಲ್ಲರೂ ಹೊಸದಾಗಿ ಕ್ಲೋನ್ ಮಾಡಬೇಕು. ರಿಪಾಸಿಟರಿಯನ್ನೇ ಸ್ಥಳಾಂತರಿಸುವಾಗ ಮಾತ್ರ ಇಂಥ ಬೆಲೆ ಸಮಂಜಸ. ಕಂಪೈಲರುಗಳನ್ನು ಕಟ್ಟುವ ಎಲ್‌ಎಲ್‌ವಿಎಂ ಯೋಜನೆ 2019ರಲ್ಲಿ ಸಬ್‌ವರ್ಷನ್ ಬಿಟ್ಟು ಗಿಟ್‌ಹಬ್‌ಗೆ ಬಂದಾಗ ಹಾಗೇ ಮಾಡಿತು. ‘ಸಿಎಫ್‌ಇ’ ಎಂಬ ಹೆಸರಿನಲ್ಲಿ ಬೆಳೆದ ಸಿ ಕಂಪೈಲರಿನ ಇಡೀ ಇತಿಹಾಸ ಹೊಸ ರಿಪಾಸಿಟರಿಯಲ್ಲಿ ‘ಕ್ಲ್ಯಾಂಗ್’ ಎಂಬ ಡೈರೆಕ್ಟರಿಯದ್ದಾಗಿ ಕಾಣುತ್ತದೆ, ಹಳೆಯ ಸಬ್‌ವರ್ಷನ್ ರಿವಿಷನ್ ಸಂಖ್ಯೆ ಕಮಿಟ್ ಸಂದೇಶದ ಕೊನೆಯಲ್ಲಿ ಉಳಿದಿದೆ. ಹಳೆಯ ಗಿಟ್ ಪ್ರತಿಗಳ ಮೇಲೆ ತಮ್ಮದೇ ಕವಲು ಬೆಳೆಸಿಕೊಂಡಿದ್ದವರಿಗಾಗಿ ಅದನ್ನು ಹೊಸ ವಿನ್ಯಾಸಕ್ಕೆ ತರುವ ಸ್ಕ್ರಿಪ್ಟನ್ನೂ ಯೋಜನೆಯೇ ಒದಗಿಸಿತು.